ಎಲಿಯಾಸನನ್ನು ಮೇಲೆ ತಂದದ್ದು

"ಬೇವರ್ಸಿ, ಟ್ಯಾಂಕಿಗೆ ಇಳೀಲಿಕ್ಕೂ ನಿಂಗೆ ಮುಹೂರ್ತ ನೋಡ್ಬೇಕಾ? ಊರಲ್ಲಿ ನಿನ್ನಪ್ಪ ನಮ್ಮ ಅಂಗಳಕ್ಕೆ ಕಾಲಿಟ್ಟವನಲ್ಲ. ನಿಂಗಿಲ್ಲಿ ಫ್ಯಾನ್ ಬೇಕಾ, ರಂಡೆ ಮಗನೆ?"

ಸೂಪರ್‌ವೈಸರ್ ಭೋಜರಾಜ ಬೈದದ್ದು ಕೊಗ್ಗನಿಗೆ. ಕೊಲ್ಲಿ ದೇಶದ ಮತ್ರಾ ಬಂದರಿನಲ್ಲಿ ನಿಂತ ಪರದೇಶಿ ಯುದ್ಧನೌಕೆಯ ತಳದಲ್ಲಿ, ಹತ್ತಿರದ ಘಾಲಾದ ಕಂಪೆನಿಯೊಂದರಿಂದ ಬಂದ ಕೂಲಿಗಳು ಮೂವರು: ಕೊಗ್ಗ, ಶಿರ್ವದ ಎಲಿಯಾಸ್, ಉಳ್ಳಾಲದ ಕುಂಞಮ್ಮದ್.

ದಂಡನ್ನು ದಡಕ್ಕಿಳಿಸುವ ಹಡಗು ಅದು. ತಳದ ಟ್ಯಾಂಕುಗಳಿಗೆ ಕಡಲ ನೀರು ತುಂಬಿಸಿದರೆ ಹಿಂಭಾಗ ತಗ್ಗಿ, ಬಂದೂಕಿನವರನ್ನು ಹೊತ್ತ ದೋಣಿಗಳು ಅದರ ಹೊಟ್ಟೆಯಿಂದ ತೇಲಿಕೊಂಡು ಹೊರಡುತ್ತಿದ್ದವು. ಎಷ್ಟೋ ದೇಶಗಳ ತೀರಕ್ಕೆ ಹಾಗೆ ಸೈನಿಕರನ್ನು ಇಳಿಸಿ ಇಳಿಸಿ ಮುದಿಯಾಗಿತ್ತು. ಕುವೈತಿನ ಯುದ್ಧವೂ ಮುಗಿದು, ಈಗ ಗುಜರಿಗೆ ಹೊರಟಿತ್ತು. ಮೇಲೆ ಬೀಳ್ಕೊಡುಗೆಯ ಔತಣ. ಕೆಳಗಿನ ನಾತ ಅತಿಥಿಗಳ ಮೂಗಿಗೆ ಬಡಿಯಬಾರದೆಂದು ಟ್ಯಾಂಕಿನ ಕೆಸರು ತೆಗೆಯಬೇಕಿತ್ತು. ಟ್ಯಾಂಕಿನ ವಿಷಗಾಳಿ ಹೋಗುವಂತೆ ಹೊಸ ಗಾಳಿ ಊದುವ ಫ್ಯಾನನ್ನು ಅತಿಥಿಗಳ ಶಾಮಿಯಾನಕ್ಕೆ ಒಯ್ದಿದ್ದರು.

ಜಗಳ ಬೇಡವೆಂದು ಎಲಿಯಾಸನೇ ಇಳಿದ. ಕೊಗ್ಗನ ಜತೆ ಒಂದೇ ಬಟ್ಟಲಲ್ಲಿ ಕೈಯಿಟ್ಟು ಉಂಡವ ಅವನೊಬ್ಬನೇ. ಸ್ವಲ್ಪ ಹೊತ್ತು ಕೆರೆಯುವ ಸದ್ದು ಕೇಳಿ, ಆಮೇಲೆ ನಿಂತಿತು. ಕೊಗ್ಗ ಮೂತಿಗೆ ಒದ್ದೆ ಬಟ್ಟೆ ಸುತ್ತಿ, ಸೊಂಟಕ್ಕೆ ಹಗ್ಗ ಕಟ್ಟಿ ಇಳಿದ. ಕುಂಞಮ್ಮದ್ ಇಬ್ಬರನ್ನೂ ಎಳೆದು ಹಾಕುವಷ್ಟರಲ್ಲಿ ಎಲಿಯಾಸನ ಬಾಯಿ ತುಂಬ ಕೆಸರು, ಉಸಿರಿರಲಿಲ್ಲ. ಇಳಿಯಬೇಕಾದವನು ತಾನು ಎಂಬುದೊಂದೇ ಕೊಗ್ಗನ ತಲೆಯಲ್ಲಿ ಸುತ್ತುತ್ತಿತ್ತು.

ಭೋಜರಾಜ ನೋಡಿ ಬೆವರಿದ. ಔತಣ ಮುಗಿಯುವ ತನಕ ಮೂಲೆಯಲ್ಲಿ ಟಾರ್ಪಾಲು ಮುಚ್ಚಿಡಿ, ಮತ್ತೆ ಕಸದ ದೋಣಿಯಲ್ಲಿ ಇಳಿಸುವ ಅಂದ. ಕೊಗ್ಗ ಹೆಣವನ್ನು ಹೆಗಲಿಗೆ ಹಾಕಿಕೊಂಡ.

"ಎಲ್ಲಿಗಾ ಅದನ್ನು ಹೊತ್ಕೊಂಡು?"

"ಮೇಲೆ. ಗಾಳಿ ಇದ್ದಲ್ಲಿಗೆ."

"ಮೆಟ್ಲು ಹತ್ತಿದ್ರೆ ನಿನ್ನ ವೀಸಾ ಖಲಾಸ್, ನಾಯಿ."

ಕೊಗ್ಗ ಹತ್ತಿದ.

ಮೇಲೆ ಬಿಳಿ ಸಮವಸ್ತ್ರದವರು ಗ್ಲಾಸು ಹಿಡಿದು ನಿಂತಿದ್ದರು. ದೊಡ್ಡ ಅಧಿಕಾರಿಯೊಬ್ಬ ಹಡಗಿನ ಶೌರ್ಯವನ್ನು ಹೊಗಳುತ್ತಿದ್ದ. ಕೊಗ್ಗ ಅವರ ನಡುವೆಯೇ ನಡೆದು, ಊಟದ ಮೇಜಿನ ಮೇಲೆ ಎಲಿಯಾಸನನ್ನು ಮಲಗಿಸಿದ. ತಟ್ಟೆಗಳು ಉರುಳಿ ಬಿದ್ದವು. ಭಾಷಣ ನಿಂತಿತು. ಮೇಜಿನ ಬಿಳಿ ಬಟ್ಟೆಯ ಅಂಚು ಎಳೆದು ಅವನು ಸತ್ತವನ ಬಾಯಿಯ ಕೆಸರು ಒರೆಸಿದ.

"ಇವನ ಹೆಸರು ಎಲಿಯಾಸ್," ಅಂದ. ಅಲ್ಲಿ ಯಾರಿಗೂ ಅವನ ಮಾತು ತಿಳಿಯಲಿಲ್ಲ.

ನಾಲ್ಕಾರು ಜನ ಅವನ ರಟ್ಟೆ ಹಿಡಿದರು. ಬಾಗಿಲ ಹತ್ತಿರ ಅವನು ತಿರುಗಿ ನೋಡಿದಾಗ ಮೇಜನ್ನು ಹೆಣದ ಸಮೇತ ಎತ್ತಿ ಮರೆಗೆ ಒಯ್ಯುತ್ತಿದ್ದರು. ಬ್ಯಾಂಡು ಶುರುವಾಗಿತ್ತು. ಹಿಂದೆಯೇ ಹತ್ತಿ ಬಂದಿದ್ದ ಕುಂಞಮ್ಮದ್ ಯಾರ ಮುಖವನ್ನೂ ನೋಡದೆ ಮೊಣಕಾಲೂರಿ, ಕೊಗ್ಗ ನಡೆದು ಬಂದ ಕೆಸರು ಹೆಜ್ಜೆಗಳನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸುತ್ತಿದ್ದ.