ಚಿನ್ನಿಯ ಪಾಲಿನ ಮೀನು

ಮುನವಳ್ಳಿಯ ದವಾಖಾನೆಯಲ್ಲಿ ರಕ್ತ ತಪಾಸಣೆಯ ಕೆಲಸಕ್ಕೆ ಬಂದ ಸಂಘಮಿತ್ರಾಳಿಗೆ ಶಟ್ಟೆವ್ವನ ಮನೆಯ ಹಿತ್ತಲ ಕಡೆಯ ಖೋಲಿ ಬಾಡಿಗೆಗೆ ಸಿಕ್ಕಿತು. ಶಟ್ಟೆವ್ವ ಹೇಳಿದ್ದು ಒಂದೇ ಮಾತು: "ನಿಮ್ಮ ಮಂದಿ ಏನ ತಿಂತಾರ, ನಾ ಕೇಳೂದಿಲ್ಲ ತಂಗಿ. ಈ ಮನಿಯೊಳಗ ಮಾತ್ರ ತತ್ತಿ ಸೈತ ಬರಬಾರದು."

ಬೇರೆಲ್ಲೂ ಖೋಲಿ ಸಿಗದೆ ಅಲೆದಿದ್ದ ಸಂಘಮಿತ್ರಾ ಒಪ್ಪಿಕೊಂಡಳು.

ಗಂಡ ಸತ್ತ ಮೇಲೆ ಶಟ್ಟೆವ್ವನ ಜೊತೆಗಿದ್ದದ್ದು ಮೋತ್ಯಾ ಎಂಬ ನಾಯಿ, ಚಿನ್ನಿ ಎಂಬ ಬೆಕ್ಕು. ಎರಡಕ್ಕೂ ಒಂದೇ ಊಟ, ಹಾಲಿನಲ್ಲಿ ಮುರಿದು ಹಾಕಿದ ಜೋಳದ ರೊಟ್ಟಿ. ಮೋತ್ಯಾ ಅದನ್ನೇ ತಿಂದು ಗುಂಡಗಲ್ಲಿನಂತಾಗಿದ್ದ. ಇಲಿ ಹಿಡಿದು ದೇವರ ಮನೆಗೆ ತಂದೀತೆಂದು ಚಿನ್ನಿಯನ್ನು ಮರಿಯಿದ್ದಾಗಿನಿಂದ ಹೊರಗೆ ಬಿಟ್ಟಿರಲಿಲ್ಲ. ಸಂಜೆಯಾದರೆ ಅದು ಸಂಘಮಿತ್ರಾಳ ಮಡಿಲೇರಿ ಮಲಗುತ್ತಿತ್ತು. ಆ ಊರಲ್ಲಿ ಆಕೆಯನ್ನು ಹುಡುಕಿಕೊಂಡು ಬರುವ ಜೀವ ಅದೊಂದೇ.

ಬರುಬರುತ್ತ ಚಿನ್ನಿ ಬಾಗಿಲಿಗೆ ಡಿಕ್ಕಿ ಹೊಡೆಯತೊಡಗಿತು. ಕಿಟಕಿಗೆ ಜಿಗಿಯಲು ಹೋಗಿ ಬಿತ್ತು. ಸಂಘಮಿತ್ರಾ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಸವದತ್ತಿಯ ದನದ ಡಾಕ್ಟರ ಬಳಿಗೆ ಒಯ್ದಳು. ಅವರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಏನು ತಿನ್ನಿಸುತ್ತೀರೆಂದು ಕೇಳಿದರು.

"ನಾಯಿ ರೊಟ್ಟಿ, ಹಾಲು, ಬ್ಯಾಳಿ ತಿಂದು ಬದುಕತೈತ್ರಿ. ಬೆಕ್ಕಿಗೆ ಹಂಗಲ್ಲ. ಅದರ ಕಣ್ಣಿಗೆ, ಎದಿಗೆ ಬೇಕಾದ್ದು ಮಾಂಸದಾಗ, ಮೀನದಾಗ ಸಿಗಬೇಕು. ಹೋದ ಕಣ್ಣು ಬರೂದಿಲ್ಲ. ಜೀವಾರ ಉಳಿಸ್ಕೋರಿ."

ಸುದ್ದಿ ಕೇಳಿ ಶಟ್ಟೆವ್ವ ಬೆಕ್ಕನ್ನು ತಬ್ಬಿಕೊಂಡು ಅತ್ತಳು. "ನಾನ ಇದರ ಕಣ್ಣ ಕಳದ್ನಲ್ಲ ತಂಗಿ." ಆಮೇಲೆ ಮೂಗು ಒರೆಸಿಕೊಂಡು ಹೇಳಿದಳು: "ಹಿತ್ತಲದಾಗ ಬ್ಯಾರೆ ಒಲಿ ಹೂಡು. ಮೀನ ಕುದಿಸಿ ಹಾಕು. ಅದರ ಜಾತಿನ ಹಂಗ, ಏನ ಮಾಡೂದು? ನೀ ಮಾತ್ರ ಬಾಯಾಗ ಇಡಬ್ಯಾಡ."

ಸಂಘಮಿತ್ರಾ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಡ್ಯಾಮಿನ ಮೀನು ತಂದು, ಉಪ್ಪಿಲ್ಲದೆ ಕುದಿಸಿ, ಮುಳ್ಳು ಬಿಡಿಸಿ ತಿನ್ನಿಸತೊಡಗಿದಳು. ಚಿನ್ನಿ ಗುರುಗುರು ಎನ್ನುತ್ತ ತಿನ್ನುತ್ತಿತ್ತು, ಮೈ ತುಂಬಿಕೊಂಡಿತು. ಶಟ್ಟೆವ್ವ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೋಡುತ್ತಿದ್ದದ್ದು ಬೆಕ್ಕನ್ನೋ, ಮುಳ್ಳು ಬಿಡಿಸುವ ತನ್ನ ಕೈಯನ್ನೋ, ಸಂಘಮಿತ್ರಾಳಿಗೆ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಬೆರಳಿಗಂಟಿದ ಚೂರೊಂದನ್ನು ಆಕೆ ಅರಿವಿಲ್ಲದೆ ಬಾಯಿಗಿಟ್ಟುಕೊಂಡಳು. ತಲೆ ಎತ್ತಿದರೆ ಬಾಗಿಲಲ್ಲಿ ಶಟ್ಟೆವ್ವ. ಹಾಗೇ ಒಳಗೆ ಹೋದಳು. ದಿನಾಲೂ ಕೈಗೆ ಕೊಡುತ್ತಿದ್ದ ಚಹಾದ ಕಪ್ಪನ್ನು ಮರುದಿನ ಕಟ್ಟೆಯ ಮೇಲಿಟ್ಟು ಸರಿದು ನಿಂತಳು.

ಸಂಘಮಿತ್ರಾ ಚಹಾ ಕುಡಿಯಲಿಲ್ಲ. ಊರ ಇನ್ನೊಂದು ತುದಿಯಲ್ಲಿ, ತಗಡಿನ ಮಾಡಿನ ಖೋಲಿ ಹಿಡಿದಳು. ಚಿನ್ನಿಯನ್ನು ಒಯ್ಯಬೇಕೆಂಬ ಆಸೆಯಿತ್ತು. ಆದರೆ ಕುರುಡು ಬೆಕ್ಕು ಆ ಮನೆಯ ಮೂಲೆ ಮೂಲೆಯನ್ನೂ ಮೀಸೆಯಿಂದಲೇ ಬಲ್ಲದು, ಬೇರೆ ಕಡೆ ದಿಕ್ಕೆಟ್ಟೀತು.

"ಇನ್ನ ಮೀನ ನೀವ ತರಬೇಕ್ರಿ ಆಯಿ," ಎಂದಳು ಹೊರಡುವಾಗ.

"ತರತೇನಿ," ಎಂದಳು ಶಟ್ಟೆವ್ವ, ಬೇರೆ ಕಡೆ ನೋಡುತ್ತ.

ನಿಜವಾಗಿಯೂ ತಂದಳು. ಒಂದು ಭಾನುವಾರ ಶಟ್ಟೆವ್ವ ಮೂಗಿಗೆ ಸೆರಗು ಹಿಡಿದು ಮೀನಿನವಳ ಮುಂದೆ ನಿಂತಿದ್ದಾಗ ಸಂಘಮಿತ್ರಾ ಎದುರಾದಳು.

"ಚಿನ್ನಿ ಆರಾಮ ಐತೇನ್ರಿ?"

"ಹೂಂ. ತಿಂತೈತಿ."

ಮನೆಗೆ ಬಾ ಎನ್ನಲಿಲ್ಲ ಶಟ್ಟೆವ್ವ. ತಮ್ಮ ತಮ್ಮ ಚೀಲ ಹಿಡಿದು ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಸಂಘಮಿತ್ರಾ ಮಸಾಲೆ ಅರೆದು ಖಾರದ ಸಾರು ಮಾಡಿದಳು. ಬಾಗಿಲು ತೆರೆದಿಟ್ಟೇ ಉಂಡಳು. ಅರ್ಧ ಬೋಗುಣಿ ಉಳಿಯಿತು. ಚಿನ್ನಿಯ ಪಾಲಿಲ್ಲದೆ ಒಬ್ಬಳಿಗೇ ಎಷ್ಟು ಮೀನು ಮಾಡಬೇಕೆಂಬುದು ಆಕೆಗೆ ಇನ್ನೂ ರೂಢಿಯಾಗಿರಲಿಲ್ಲ.