ಮಾವನ ಪಾರ್ಟು ಕೊಡುವ ಸಾಫ್ಟ್‌ವೇರ್

ಗಂಡಸಿ ಊರಿನ ದನದ ಆಸ್ಪತ್ರೆಯಲ್ಲಿ ಸಹಾಯಕನಾಗಿದ್ದ ಮಹಾಂತೇಶ್ ಒಂದು ಸಿನಿಮಾ ಕಥೆ ಬರೆದಿದ್ದ. ಹಸು ಕರು ಹಾಕುವುದನ್ನು ಕಾಯುತ್ತ ಕೂರುವ ಕೆಲಸದಲ್ಲಿ ಯೋಚನೆಗೆ ಬಿಡುವು ಜಾಸ್ತಿ. ಊರಗೌಡರು ಸಾಯುತ್ತಾರೆ, ಅವರನ್ನು ತೆಂಗಿನ ತೋಟದಲ್ಲಿ ಯಾರ ಪಾಲಿನ ಕಡೆ ಮಣ್ಣು ಮಾಡಬೇಕೆಂದು ಇಬ್ಬರು ಹೆಂಡಿರ ಮಕ್ಕಳು ಕಿತ್ತಾಡುತ್ತಾರೆ. ಇಷ್ಟೇ ಕಥೆ.

ಅದನ್ನು ಓದಲು ಒಪ್ಪಿದವನು ಕಣಕಟ್ಟೆಯ ಸಿದ್ಧಾರ್ಥ, ಈಚೆಗೆ ಹೆಸರು ಮಾಡಿದ್ದ ಸಿನಿಮಾ ನಿರ್ದೇಶಕ. ಒಪ್ಪಿದ್ದು ಮಹಾಂತೇಶನ ಮುಖ ನೋಡಿ ಅಲ್ಲ, ಅವನ ಸೋದರಮಾವ ಷಡಕ್ಷರಪ್ಪನವರ ಮುಖ ನೋಡಿ. ಸುತ್ತಿನ ಹಳ್ಳಿಗಳಿಗೆಲ್ಲ ನಾಟಕದ ಮೇಷ್ಟ್ರಾಗಿದ್ದ ಅವರು, ಹೈಸ್ಕೂಲು ಹುಡುಗನಾಗಿದ್ದ ಸಿದ್ಧಾರ್ಥನಿಗೆ ಸೀರೆ ಉಡಿಸಿ ಸಖಿಯ ಪಾತ್ರ ಮಾಡಿಸಿದ್ದರು.

"ಭಾನುವಾರ ಲೊಕೇಶನ್ ನೋಡೋಕೆ ಬೇಲೂರಿಗೆ ಬರ್ತಿದೀನಿ ಮೇಷ್ಟ್ರೇ. ಕೈಬರಹ ಬೇಡ, ಚಿತ್ರಕಥೆ ಬರೆಯೋ ಸಾಫ್ಟ್‌ವೇರಲ್ಲೇ ಮಾಡಿಸ್ಕೊಂಡು ಬನ್ನಿ" ಎಂದಿದ್ದ.

ಫೋನಿಟ್ಟ ಮಾವ ತಮ್ಮ ಶರತ್ತನ್ನೂ ಹೇಳಿದರು: "ಗೌಡನ ಪಾರ್ಟು ನಂದು ಕಣ್ಲಾ."

ಗೌಡರು ಮೊದಲ ಸೀನಿನಲ್ಲೇ ಸಾಯುತ್ತಾರೆಂದು ಹೇಳಲು ಮಹಾಂತೇಶನಿಗೆ ಬಾಯಿ ಬರಲಿಲ್ಲ. ಮಾವ ಮುನಿಸಿಕೊಂಡರೆ ಸಿದ್ಧಾರ್ಥನೂ ಇಲ್ಲ, ಸಿನಿಮಾವೂ ಇಲ್ಲ.

ಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಹೆಂಡತಿ ಶಿಲ್ಪಾ ಸಂಜೆ ಲ್ಯಾಪ್‌ಟಾಪ್ ತೆರೆದು ಒಂದೊಂದೇ ಸಾಫ್ಟ್‌ವೇರ್ ಇಳಿಸಿ ನೋಡಿದಳು. ಮೊದಲನೆಯದು ಬಲು ಚಂದ; ಕನ್ನಡ ಹಾಕಿದೊಡನೆ ಪರದೆಯ ತುಂಬ ಖಾಲಿ ಚೌಕಗಳು.

"ಗೌಡ್ರು ಬಾಯ್ಬಿಟ್ರೆ ಇಟ್ಟಿಗೆ ಉದುರ್ತಾವಲ್ಲೇ" ಎಂದ ಮಹಾಂತೇಶ್.

ಎರಡನೆಯದರಲ್ಲಿ ಕನ್ನಡವೇನೋ ಮೂಡಿತು. ಪುಕ್ಕಟೆಯದಾದ್ದರಿಂದ ಪ್ರತಿ ಪುಟಕ್ಕೂ ಅಡ್ಡಡ್ಡಲಾಗಿ ಕಂಪನಿಯ ಮೊಹರು. ಆಸ್ಪತ್ರೆಯಲ್ಲಿ ಹಸುವಿನ ಕಿವಿಗೆ ನಂಬರಿನ ಬಿಲ್ಲೆ ಹೊಡೆದ ಹಾಗಿದೆ ಎಂದು ಅದನ್ನೂ ಬಿಟ್ಟರು. ಮೂರನೆಯದು ನಿಧಾನ; ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿಬೀಳುತ್ತಿದ್ದವು. ಆದರೆ ಅದರಲ್ಲೊಂದು ಸೌಲಭ್ಯವಿತ್ತು: ಒಂದು ಪಾತ್ರದ ಹೆಸರು ಒತ್ತಿದರೆ ಅದರ ಮಾತುಗಳು, ಪ್ರತಿ ಮಾತಿಗೂ ಮುಂಚೆ ಎದುರಿನವರ ಕೊನೆಯ ಮಾತು, ಇಷ್ಟೇ ಬೇರೆಯಾಗಿ ಅಚ್ಚಾಗುತ್ತಿದ್ದವು.

"ಇದೇ ಇರ್ಲಿ ಕಣೇ!"

"ಅಕ್ಷರ ಎಲ್ಲಾ ಜಾರ್ತಾವೆ ಕಣ್ರೀ."

"ಜಾರ್ಲಿ ಬಿಡೇ. ಮಾವ ಜಾರದಿದ್ರೆ ಸಾಕು."

ಹಳ್ಳಿಯ ನಾಟಕದಲ್ಲಿ ಪೂರ್ತಿ ಪುಸ್ತಕ ಇರುವುದು ಮೇಷ್ಟ್ರ ಹತ್ತಿರ ಮಾತ್ರ. ಪಾತ್ರಧಾರಿಗೆ ಸಿಗುವುದು ಅವನ ಪಾರ್ಟು ಅಷ್ಟೇ. ತಾನು ರಾಜನೋ, ರಾಜನ ಹಿಂದೆ ನಿಲ್ಲುವವನೋ ಎಂಬುದು ಎಷ್ಟೋ ಜನಕ್ಕೆ ತಾಲೀಮಿಗೆ ಬಂದ ಮೇಲೆಯೇ ತಿಳಿಯುತ್ತಿತ್ತು. ಮಾವ ಬದುಕಿನುದ್ದಕ್ಕೂ ನಡೆಸಿಕೊಂಡು ಬಂದ ಈ ಪದ್ಧತಿಯನ್ನು, ಗೌಡರು ಬೇಗ ಸಾಯುವುದು ತಿಳಿಯದಿರಲೆಂದು, ಮಾವನ ಮೇಲೆಯೇ ಪ್ರಯೋಗಿಸಲು ಮಹಾಂತೇಶ್ ಹೊರಟಿದ್ದ.

ಮಾರನೆಯ ಬೆಳಿಗ್ಗೆ ಬಂದ ಮಾವ, ಕೈಗೆ ಕೊಟ್ಟ ಹಾಳೆಯನ್ನು ತಿರುಗಿಸಿ ನೋಡಿದರು. ಹಿಂಬದಿ ಖಾಲಿ.

"ಉಳಿದಿದ್ದು ಎಲ್ಲೈತ್ಲಾ?"

"ಪಾರ್ಟು ಕೊಡೋದು ಹಿಂಗೇ ಅಲ್ವಾ ಮಾವ? ನಿಮ್ಮದೇ ಪದ್ಧತಿ."

ಮಾವ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಎದುರಿನವರ ಮಾತು, 'ಅಪ್ಪಾ, ಕಣ್ಬಿಡಪ್ಪಾ.' ನನ್ನ ಮಾತು, 'ನೀರು... ನೀರು...' ಅಲ್ಲಿಗೆ ಮುಗೀತು." ಹಾಳೆ ಕೆಳಗಿಟ್ಟರು. "ಸಾಯೋನು ಕೊನೇಗೆ ನೀರು ಕೇಳೋದನ್ನ ಎಷ್ಟು ನಾಟಕದಲ್ಲಿ ನಾನೇ ಬರೆದಿದೀನಿ. ನಂಗೇ ಟೋಪಿ ಹಾಕ್ತೀಯೇನ್ಲಾ?"

ಶಿಲ್ಪಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

"ಇಂಟ್ರವಲ್ ಗಂಟ ಬದುಕ್ಸು. ಇಲ್ದಿದ್ರೆ ಬೇಲೂರಿಗೆ ನೀನೊಬ್ನೇ ಹೋಗು."

ಮಹಾಂತೇಶ್ ಬದುಕಿಸಿದ. ಗೌಡರು ಎದ್ದು ಕೂತು ಗಂಜಿ ಕುಡಿದರು, ಸೊಸೆಯರಿಗೆ ಬುದ್ಧಿ ಹೇಳಿದರು, ತೋಟ ಸುತ್ತಿದರು. ಜಗಳಕ್ಕೆ ಕಾರಣವಿಲ್ಲದ ಮಕ್ಕಳು ಸೀನಿನಿಂದ ಸೀನಿಗೆ ಸುಮ್ಮನೆ ಎಳನೀರು ಕುಡಿಯುತ್ತ ನಿಂತರು.

ಭಾನುವಾರ ಬೇಲೂರಿನ ಹೋಟೆಲಿನಲ್ಲಿ ಸಿದ್ಧಾರ್ಥ ಮೇಷ್ಟ್ರ ಕಾಲಿಗೆ ನಮಸ್ಕರಿಸಿ, ಕಾಫಿ ಹೇಳಿ, ಮಹಾಂತೇಶ್ ತಂದಿದ್ದ ಲ್ಯಾಪ್‌ಟಾಪಿನಲ್ಲೇ ಓದತೊಡಗಿದ. ಮೊದಲು ನಕ್ಕ. ಆಮೇಲೆ ಆಕಳಿಸಿದ.

"ಮೇಷ್ಟ್ರೇ, ಈ ಗೌಡ ಯಾಕೆ ಸಾಯ್ತಿಲ್ಲ? ಮುದುಕ ಹೋಗೋ ತನಕ ಕಥೆ ಶುರುವಾಗೋದೇ ಇಲ್ವಲ್ಲ. ಮೊದಲನೇ ಸೀನಲ್ಲೇ ಮುಗಿಸಿ, ನಾಳೆನೇ ಪ್ರೊಡ್ಯೂಸರ್ ಹತ್ರ ಮಾತಾಡ್ತೀನಿ."

ಮಹಾಂತೇಶ್ ಮಾವನ ಕಡೆ ನೋಡುವ ಧೈರ್ಯವಾಗದೆ ಕಾಫಿ ಲೋಟದೊಳಗೆ ನೋಡಿದ.

"ಆ ಪಾರ್ಟು ನಂದಪ್ಪ" ಎಂದರು ಮಾವ.

ಸಿದ್ಧಾರ್ಥ ಸಖಿಯ ಹಾಗೆ ತಲೆ ತಗ್ಗಿಸಿದ. ಮಾವ ಲೋಟದ ತಳದ ಕಾಫಿಯನ್ನು ಸೊರ್ರೆಂದು ಎಳೆದು, ಅಳಿಯನನ್ನು ಒಂದು ಗಳಿಗೆ ನೋಡಿದರು. ಅವನ ಮುಖ ಬಿಳುಚಿಕೊಂಡಿತ್ತು.

"ಆಯ್ತು ಕಣಪ್ಪ, ಸಾಯ್ತೀನಿ. ಸತ್ತೋರ ಫೋಟೋನ ನಡುಮನೆ ಗೋಡೆಗೆ ಹಾಕ್ತಾರೋ ಇಲ್ವೋ?"

"ಹಾಕ್ತಾರೆ ಮೇಷ್ಟ್ರೇ."

"ಜಗಳ ಆಗೋದು ನಡುಮನೇಲಿ ತಾನೆ? ಜಗಳ ಆದಾಗೆಲ್ಲ ಫೋಟೋ ಕಾಣ್ಬೇಕು. ಹಾರ ಮುಖಕ್ಕೆ ಅಡ್ಡ ಬರಂಗಿಲ್ಲ."

ಸಿದ್ಧಾರ್ಥ ಒಪ್ಪಿದ. ಮಹಾಂತೇಶ್ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡು ಗೌಡರ ಸಾವನ್ನು ಮೊದಲ ಸೀನಿಗೆ ತಂದ. ಸಾಫ್ಟ್‌ವೇರು ತಕರಾರಿಲ್ಲದೆ ಸೀನುಗಳ ನಂಬರನ್ನೆಲ್ಲ ತಾನೇ ತಿದ್ದಿಕೊಂಡಿತು. ಮಾವ ಪಕ್ಕದಿಂದ ಬಗ್ಗಿ ಪರದೆಗೆ ಬೆರಳಿಟ್ಟರು.

"ಫೋಟೋದಲ್ಲಿ ಸ್ವಲ್ಪ ನಗ್ತಾ ಇರ್ತೀನಿ ಅಂತ ಬರಿ."