ಏದೋಮಿನ ಪುಟ

ಎದೋಮ್ ಅಲ್ಲ, ಏದೋಮ್, ಮೊದಲಕ್ಷರ ದೀರ್ಘ, ಮೂರು ಕಡೆ ತಪ್ಪಾಗಿದೆ, ರಂಜಿನಿ ಕರ್ಸರನ್ನು ಹಿಂದಕ್ಕೆ ಎಳೆದಳು, ಪಕ್ಕದ ಕೋಣೆಯಲ್ಲಿ ಮೆಷಿನ್ನು ಯಾರದೋ ಗೃಹಪ್ರವೇಶದ ಕಾರ್ಡು ಉಗುಳುತ್ತಿದೆ, ಚಾಮರಾಜಪೇಟೆಯ ಈ ಪ್ರೆಸ್ಸಿಗೆ ಬಂದು ಹತ್ತೊಂಬತ್ತು ವರ್ಷ, ಎಷ್ಟು ದೇವರುಗಳ ಪುಸ್ತಕ ಟೈಪು ಮಾಡಿದ್ದಾಳೆ, ಯಾವುದೂ ಒಳಗೆ ಇಳಿದದ್ದಿಲ್ಲ, ಬೈಬಲಿನ ಈ ಪ್ರವಾದಿಯ ಪುಟವೊಂದು ಮಾತ್ರ ಬೆಳಿಗ್ಗೆಯಿಂದ — ಪಾಸ್ಟರ್, ಈ ಏದೋಮಿನವರು ಅಂಥದ್ದೇನು ಮಾಡಿದ್ರು, ದೇವರು ಇಷ್ಟು ಸಿಟ್ಟಾಗೋದಕ್ಕೆ? ಪ್ರೂಫ್ ನೋಡಲು ಬಂದು ಎದುರು ಕೂತಿದ್ದ ಪಾಸ್ಟರ್ ಕನ್ನಡಕ ತೆಗೆದರು, ದೇವಜನರ ಪಕ್ಕದ ನಾಡು ಕಣಮ್ಮ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರ ವಂಶ, ತಮ್ಮನ ಊರಿಗೆ ಶತ್ರುಗಳು ನುಗ್ಗಿದ ದಿನ ಅಣ್ಣನ ಕಡೆಯವರು ನೋಡ್ತಾ ನಿಂತ್ರು, ಅಷ್ಟೇ ಆಗಿದ್ರೆ ಬೇರೆ ಮಾತು, ಜೀವ ಉಳಿಸ್ಕೊಂಡು ಓಡಿಬಂದವರನ್ನ ದಾರಿ ಕವಲಲ್ಲಿ ಹಿಡಿದು ಒಪ್ಪಿಸಿಬಿಟ್ರು, ಅದಕ್ಕೇ ಪ್ರವಾದಿ ಆ ನಾಡು ಬೂದಿಯಾಗುತ್ತೆ ಅಂತಾನೆ.

ಒಪ್ಪಿಸಿಬಿಟ್ರು — ಬೆರಳು ಕೀಲಿಯ ಮೇಲೇ ನಿಂತಿತು, ರತ್ನಕ್ಕ, ಗಂಗರತ್ನಮ್ಮ, ಒಂದೇ ಹೊಟ್ಟೆಯವಳು, ತಾಯಿ ಹೋದ ಮೇಲೆ ಇವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು, ಅವಳನ್ನಲ್ಲದೆ ಇನ್ಯಾರನ್ನು ನಂಬಬೇಕಿತ್ತು, ಅವತ್ತು ಮಗಳು ಲಾಸ್ಯಾ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಿದ್ದಳು, ಅಮ್ಮಾ, ನಾನು ಅನಿಲ್‌ನನ್ನೇ ಮದುವೆ ಆಗೋದು, ಅಪ್ಪಂಗೆ ಗೊತ್ತಾದ್ರೆ ಊರಿಗೆ ಕರ್ಕೊಂಡ್ಹೋಗಿ ಕೂಡಿಹಾಕ್ತಾರೆ, ನಾಳೆ ರಿಜಿಸ್ಟರ್ ಆಗೋವರೆಗೆ ಎಲ್ಲಾದ್ರೂ ಇರ್ಬೇಕು — ಎನ್.ಆರ್. ಕಾಲೋನಿಗೆ ಹೋಗು, ದೊಡ್ಡಮ್ಮ ಇದಾಳೆ, ಅವಳು ನಿನ್ನ ಬಿಟ್ಟುಕೊಡಲ್ಲ, ಇವಳೇ, ಈ ಬಾಯಲ್ಲೇ ಹೇಳಿ ಆಟೋ ಹತ್ತಿಸಿದ್ದು, ಸಂಜೆ ಗಂಡ ಸತೀಶ ಮನೆಗೆ ಬರಲಿಲ್ಲ, ಅವನ ಫೋನು ಬಿಜಿ, ಅಕ್ಕನ ಫೋನೂ ಬಿಜಿ, ಚಪ್ಪಲಿ ಮೆಟ್ಟಿ ಹೊರಟಳು, ಗಾಂಧಿ ಬಜಾರಿನ ಟ್ರಾಫಿಕ್ಕಿನಲ್ಲಿ ಆಟೋ ಬಿಟ್ಟು ಓಡಿದಳು, ಅಕ್ಕನ ಬೀದಿಯ ತಿರುವಿನಲ್ಲಿ ಕಾರು ಎದುರಾಯಿತು, ಮುಂದೆ ಸತೀಶ, ಹಿಂದೆ ಅವನ ಇಬ್ಬರು ತಮ್ಮಂದಿರು, ನಡುವೆ ಲಾಸ್ಯಾ, ಅಮ್ಮನನ್ನು ಕಂಡಳು, ಕಂಡು ಮುಖ ತಿರುಗಿಸಿಕೊಂಡಳು. ತಿಂಗಳಾದ ಮೇಲೆ ಹುಡುಗಿ ತಾನೇ ತಪ್ಪಿಸಿಕೊಂಡು ಅನಿಲನ ಜೊತೆ ಮೈಸೂರು ಸೇರಿದಳು, ಮದುವೆಯಾಯಿತಂತೆ, ಚೆನ್ನಾಗಿದ್ದಾಳಂತೆ, ಎಲ್ಲ ಅಂತೆ, ಅಮ್ಮನ ನಂಬರು ಬ್ಲಾಕು, ಎಂಟು ತಿಂಗಳು, ಅಪ್ಪನ ಮೇಲೆ ಸಿಟ್ಟು ಸರಿ, ಅಮ್ಮನ ಮೇಲೇಕೆ —

ಮೇಜಿನ ಮೇಲೆ ಫೋನು ಗುಂಯ್ ಎಂದು ಸರಿದಾಡಿತು, ರತ್ನಕ್ಕ, ದಿನಾ ಮಧ್ಯಾಹ್ನ ಮಾಡುತ್ತಾಳೆ, ಇವಳು ಎತ್ತುವುದಿಲ್ಲ, ಇವತ್ತು ಎತ್ತಿದಳು. ರಂಜೂ, ಎಷ್ಟು ದಿನಾಂತ ಮಾತು ಬಿಡ್ತೀಯೇ, ಅವಳ ಒಳ್ಳೇದಕ್ಕೇ ಅಲ್ವೇನೇ ನಾನು ಸತೀಶಂಗೆ ಫೋನ್ ಮಾಡಿದ್ದು — ಅಕ್ಕಾ, ಒಂದೇ ಒಂದು ಕೇಳ್ತೀನಿ, ಅಷ್ಟು ಹಠದ ಹುಡುಗಿ ಕಿರುಚದೆ ಹೆಂಗೆ ಕಾರು ಹತ್ತಿದ್ಲು? ಆ ಕಡೆ ಅಕ್ಕ ಕುಕ್ಕರಿನ ಒಲೆ ಆರಿಸಿದಳು, ಬಾಗಿಲು ಹಿಡ್ಕೊಂಡು ನಿಂತ್ಬಿಟ್ಟಿದ್ಲು ಕಣೇ, ದೊಡ್ಡಮ್ಮಾ, ಅಪ್ಪಂಗೆ ಯಾರು ಹೇಳಿದ್ದು, ಅಮ್ಮನಾ ಅಂತ ಕೇಳಿದ್ಲು, ನಂಗೇನೂ ತೋಚ್ಲಿಲ್ಲ, ಹೂಂ, ನಿಮ್ಮಮ್ಮನೇ ಅಂದ್ಬಿಟ್ಟೆ, ಅಷ್ಟಕ್ಕೇ ಬಾಗಿಲು ಬಿಟ್ಟು ತಾನೇ ಹೋಗಿ ಕೂತ್ಕೊಂಡ್ಲು, ರಂಜೂ, ಲೈನಲ್ಲಿದೀಯಾ?

ಇದ್ದಾಳೆ, ಪಾಸ್ಟರ್ ಏನೋ ಕೇಳುತ್ತಿದ್ದಾರೆ, ಬೂದಿಯಾಗುವ ಆ ಸಾಲು ದಪ್ಪಕ್ಷರ ಮಾಡ್ತೀರಾ ಅಮ್ಮ, ಮಾಡಬೇಕು, ಅಕ್ಕನಿಗೂ ಹಾಗೇ ಆಗಲಿ ಎನ್ನಬೇಕು, ಶಾಪ ಹಾಕಲು ಅಕ್ಕನ ಮುಖವಾದರೂ ಕಣ್ಣೆದುರು ಬರಬೇಡವೆ, ಬರುವುದಿಲ್ಲ, ಬರುವುದು ಕಾರಿನ ಗಾಜು, ಅದರಾಚೆ ಮಗಳು, ನಾಚಿಕೆಯಿಂದ ಎಂದುಕೊಂಡಿದ್ದಳಲ್ಲ ಇಷ್ಟು ದಿನ, ಭಯದಿಂದ ಎಂದುಕೊಂಡಿದ್ದಳಲ್ಲ, ಅಮ್ಮನನ್ನು ಕಂಡಳು, ಕಂಡು ಮುಖ ತಿರುಗಿಸಿಕೊಂಡಳು, ಕಂಡಳು, ತಿರುಗಿಸಿಕೊಂಡಳು, ಕಂಡಳು —